ಲೋರ್ನಾಳ ಎರಡನೇ ಮೇಜರ್

ಆಪಲ್ ಪೈ ಮಾಡುವ ತಟ್ಟೆಯಲ್ಲಿ ಆಪಲ್ ಪೈ ಇರಬೇಕೆಂಬುದು ಡೆಲ್ಬರ್ಟ್ ವೈಸ್‌ನ ಅತ್ಯಂತ ಸಾಧಾರಣ ಬೇಡಿಕೆ. ಆ ಭಾನುವಾರ ಅದರಲ್ಲಿ ಹದಿನಾಲ್ಕು ಕಲ್ಲುಗಳಿದ್ದವು. ಒಂದೊಂದಕ್ಕೂ ಹೆಸರಿನ ಚೀಟಿ ಬೇರೆ!

“ಲೋರ್ನಾ! ಇದನ್ನ ಬಿಸಿ ಮಾಡ್ಕೊಂಡು ತಿನ್ನೋದೋ, ಹಾಗೇ ತಿನ್ನೋದೋ?”

“ಮುಟ್ಬೇಡ ಕಣೋ, ಅದು ನನ್ನ ಕ್ಲಾಸಿಂದು,” ಎಂದಳು ಹೆಂಡತಿ, ಪುಸ್ತಕದಿಂದ ತಲೆಯೆತ್ತದೆ.

ವಿಸ್ಕಾನ್ಸಿನ್ನಿನ ಆ ಸಣ್ಣ ಊರಿನಲ್ಲಿ ಗಂಡ ಹೆಂಡತಿ ಇಬ್ಬರೂ ಓದಿದ್ದು ಒಂದೇ ಕಾಲೇಜಿನಲ್ಲಿ, ಮೂವತ್ತೇಳು ವರ್ಷದ ಹಿಂದೆ. ಅಪ್ಪನ ಹಟಕ್ಕೆ ಲೋರ್ನಾ ಗೃಹವಿಜ್ಞಾನ ತೆಗೆದುಕೊಂಡಿದ್ದಳು. ಅಪ್ಪನ ಕಣ್ಣು ತಪ್ಪಿಸಿ ಭೂವಿಜ್ಞಾನದ ಪಾಠಗಳನ್ನೂ ಒಂದೊಂದಾಗಿ ಮುಗಿಸಿದ್ದಳು. ಉಳಿದದ್ದು ಎರಡೇ. ಆ ಎರಡನ್ನು ಈಗ ಮುಗಿಸಿದರೆ ಹಳೆಯ ಪದವಿಗೆ ಎರಡನೇ ಮೇಜರ್, ಅಂದರೆ ಇನ್ನೊಂದು ಮುಖ್ಯ ವಿಷಯ, ಸೇರಿಸಿಕೊಡುತ್ತೇವೆಂದು ಕಳೆದ ವರ್ಷ ಕಾಲೇಜು ಹೇಳಿದ್ದೇ ತಡ, ಮನೆ ಕಲ್ಲಿನ ಕ್ವಾರಿಯಾಯಿತು.

ಡೆಲ್ಬರ್ಟ್‌ಗೆ ಇದು ಶುದ್ಧ ಅನಾಚಾರ. ಪದವಿಯೆಂದರೆ ಮದುವೆಯ ಹಾಗೆ. ಒಮ್ಮೆ ಮುಗಿದ ಮೇಲೆ ಎರಡನೆಯದನ್ನು ಸೇರಿಸುವಂತಿಲ್ಲ (ಈ ಮಾತನ್ನು ಅವನು ಹೆಂಡತಿಯ ಎದುರು ಒಮ್ಮೆ ಮಾತ್ರ ಆಡಿದ್ದ).

“ಅರವತ್ತಾಯ್ತಲ್ಲೇ ನಿಂಗೆ! ಎರಡನೇ ಮೇಜರ್ ತಗೊಂಡು ಯಾರಿಗೆ ತೋರಿಸ್ಬೇಕು? ಈ ಮನೇಲಿ ಆಗ್ಲೇ ಒಬ್ಬಳು ಮೇಜರ್ ಇದ್ದಾಳೆ, ದಿನಾ ಸೆಲ್ಯೂಟ್ ಹೊಡೀತಾನೇ ಇದೀನಿ!”

ಲೋರ್ನಾ ಪುಸ್ತಕ ಮುಚ್ಚಿದಳು. “ಅವತ್ತು ಅಪ್ಪ ಬೇಡ ಅಂದ್ರು, ಬಿಟ್ಟೆ. ಇವತ್ತು ನೀನು ಬೇಡ ಅಂದ್ರೆ ಬಿಡ್ತೀನಾ?”

ಡೆಲ್ಬರ್ಟ್ ಪ್ರತಿಭಟನೆಯ ಅಂಗವಾಗಿ ಒಣ ಬ್ರೆಡ್ಡಿಗೆ ಚೀಸ್ ಇಟ್ಟುಕೊಂಡು ತಿಂದ.

ಮೇ ತಿಂಗಳಲ್ಲಿ ಕೊನೆಯ ಪರೀಕ್ಷೆಯೂ ಮುಗಿಯಿತು. ಅರ್ಜಿ ಕೊಡಲು ಹೊರಟ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಡೆಲ್ಬರ್ಟ್ ತಾನೇ ಕಾಲೇಜಿಗೆ ಹೋದ. ಅವನ ತಲೆಯಲ್ಲೊಂದು ಹುಳ ಕೊರೆಯುತ್ತಿತ್ತು: ಇವಳಿಗೆ ಎರಡು ಮೇಜರ್, ತನಗೆ ಒಂದೇ? ತಾನೂ ಇತಿಹಾಸದ ಪಾಠ ಕೇಳಿದವನಲ್ಲವೇ?

ದಾಖಲಾತಿ ಕಚೇರಿಯ ಮಿಸೆಸ್ ಪ್ಯಾಜೆಟ್ ಲೋರ್ನಾಳ ಅರ್ಜಿಗೆ ಮೊಹರು ಒತ್ತಿ ಕೈಕುಲುಕಿದಳು. ಡೆಲ್ಬರ್ಟ್ ಗಂಟಲು ಸರಿಮಾಡಿಕೊಂಡ.

“ನಾನೂ ಇಲ್ಲಿನ ಪದವೀಧರನೇ. ವಾಣಿಜ್ಯ. ಇತಿಹಾಸ ಸೇರಿಸೋಕೆ ನಂಗೆ ಎಷ್ಟು ಪಾಠ ಕಡಿಮೆ ಬೀಳುತ್ತೆ, ನೋಡಿ.”

ಅವಳು ಹಳೆಯ ಕಡತ ತೆರೆದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.

“ಇತಿಹಾಸ ಆಮೇಲೆ ನೋಡೋಣ ಸಾರ್. ನಿಮಗೆ ಮೊದಲನೇ ಪದವೀನೇ ಬಂದಿಲ್ಲ.”

“ಏನು? ವೇದಿಕೆ ಮೇಲೆ ನಿಲ್ಲಿಸಿ ಕೈ ಕುಲುಕಿದಾರೆ ಕಣ್ರೀ! ಫೋಟೋ ಇದೆ ನನ್ ಹತ್ರ!”

“ಕೈ ಎಲ್ಲರದ್ದೂ ಕುಲುಕ್ತಾರೆ. ನಿಮ್ಮ ಈಜಿನ ಪರೀಕ್ಷೆ ಬಾಕಿ ಇದೆ. ಈ ಕಾಲೇಜಲ್ಲಿ ಅದು ಪಾಸಾಗದೆ ಯಾರಿಗೂ ಪದವಿ ಇಲ್ಲ. ಆಗ್ಲೇ ನಿಮಗೆ ಐದು ಪತ್ರ ಬರೆದಿದೀವಿ.”

ಆ ಪತ್ರಗಳು ಡೆಲ್ಬರ್ಟ್‌ಗೆ ಚೆನ್ನಾಗಿ ನೆನಪಿದ್ದವು. ಕಾಲೇಜು ಚಂದಾ ಕೇಳುತ್ತಿದೆಯೆಂದು ಒಂದನ್ನೂ ಒಡೆಯದೆ ಬುಟ್ಟಿಗೆ ಎಸೆದಿದ್ದ.

“ಮೂವತ್ತೇಳು ವರ್ಷ ಆದ್ಮೇಲೆ ಈಜಬೇಕಾ ನಾನು? ಇದು ಅನ್ಯಾಯ!”

ಲೋರ್ನಾ ನಗಲಿಲ್ಲ. ಕೈಚೀಲದಿಂದ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡಳು. ಭುಜ ಮಾತ್ರ ಕುಣಿಯುತ್ತಿತ್ತು.

ಮಿಸೆಸ್ ಪ್ಯಾಜೆಟ್ ಹೊಸ ಅರ್ಜಿಯೊಂದನ್ನು ಮುಂದಿಟ್ಟು, ಬಹಳ ಮರ್ಯಾದೆಯಿಂದ ಕೇಳಿದಳು: “ಹೇಗೂ ಮತ್ತೆ ವಿದ್ಯಾರ್ಥಿ ಆಗ್ತಿದ್ದೀರಿ. ಎರಡನೇ ಮೇಜರ್ ಏನಾದ್ರೂ ಸೇರಿಸ್ಲಾ ಸಾರ್?”

“ಸದ್ಯಕ್ಕೆ ಬೇಡಮ್ಮ,” ಎಂದಳು ಲೋರ್ನಾ, ಕಣ್ಣೊರೆಸಿಕೊಳ್ಳುತ್ತ. “ಮೊದಲು ಮುಳುಗದೆ ಎದ್ದು ಬರ್ಲಿ.”