ನೋ ಚ್ಯಾಫ್ ಎಂದರೆ ಹೊಟ್ಟು ಇಲ್ಲ!

ನಮ್ಮ ಹನ್ನೂರಿನಲ್ಲಿ ಆಗ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಅಕ್ಕಲಕೋಟದ ಸಾಲೆಯಲ್ಲಿ ಮೂರು ಇಯತ್ತೆ ಇಂಗ್ಲಿಷ್ ಓದಿ ಬಂದಿದ್ದೆ. ಯಾರಿಗೆ ತಂತಿಯ ತಾರು ಬಂದರೂ ನನ್ನ ಬಳಿಯೇ ತರುತ್ತಿದ್ದರು. ತಾರು ಎಂದ ಕೂಡಲೇ ಮನೆಮಂದಿಯೆಲ್ಲ ಅಳಲು ಶುರುಮಾಡುತ್ತಿದ್ದರಿಂದ, ನಾನು ಓದಿದ್ದು ಸರಿಯೋ ತಪ್ಪೋ ಎಂದು ಯಾರೂ ಕೇಳಿದ್ದಿಲ್ಲ!

ಹೀಗಿರುವಾಗ ನನ್ನ ತಂಗಿ ಗಂಗವ್ವನಿಗೆ ಸೊಲ್ಲಾಪುರದ ವರ ಗೊತ್ತಾಯಿತು. ಹುಡುಗ ಶಿವಲಿಂಗಪ್ಪ, ಗಿರಣಿಯೊಂದರ ಕಚೇರಿಯಲ್ಲಿ ಕಾರಕೂನ. ನಿಶ್ಚಯದ ದಿನ ತಂದೆಯ ಜೊತೆ ಒಬ್ಬ ಗೆಳೆಯನನ್ನೂ ಕರೆತಂದ. ನಾನು ತಲೆಗೆ ಹೊಸ ಜರಿ ಪಟಗಾ ಸುತ್ತಿಕೊಂಡು ಸ್ವಾಗತಿಸಿದೆ. ಬಾಗಿಲು ದಾಟುವಾಗ ನಾನು ಒಳಗೆ ಬಂದೆ. ಪಟಗಾ ಹೊರಗೇ ಉಳಿಯಿತು.

ಗೆಳೆಯ ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ ಏನೋ ಅಂದು ನಕ್ಕ. ಶಿವಲಿಂಗಪ್ಪ ಮೆಲ್ಲಗೆ ಗದರಿಸಿದ: “ನೋ ಚ್ಯಾಫ್!”

ಚ್ಯಾಫ್! ಆ ಶಬ್ದ ನನಗೆ ಗೊತ್ತಿತ್ತು. ಹಾಗೆಂದರೆ ಹೊಟ್ಟು. ಊಟಕ್ಕೆ ಮೊದಲೇ ಹೊಟ್ಟಿನ ಮಾತೇಕೆ? ನಮ್ಮ ರೊಟ್ಟಿಯಲ್ಲಿ ಹೊಟ್ಟಿರುತ್ತದೆ, ಅದು ಬೇಡ ಎಂದು ಸೂಚಿಸುತ್ತಿದ್ದಾನೆಯೇ? ನನಗೆ ಸಂಶಯ ಬಂತು. ಅಡುಗೆಮನೆಗೆ ಓಡಿದೆ.

“ಹಿಟ್ಟು ಮತ್ತೊಮ್ಮೆ ಸಾಣಿಸು. ಬೀಗರು ಹೊಟ್ಟು ಬ್ಯಾಡ ಅಂದಾರ!”

ಹೆಂಡತಿ ಕಲ್ಲವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿನ ಮೇಲೆ ಬಡಿದಳು. “ಮೊದಲ ನಿಮ್ಮ ತಲಿಯಾಗಿಂದು ಸಾಣಿಸ್ಕೋರಿ!”

ಆದರೂ ನಾನು ಬಿಡಲಿಲ್ಲ. ಹಿಟ್ಟು ಸಾಣಿಸಿ ಹೊಸ ರೊಟ್ಟಿ ಆಗುವಷ್ಟರಲ್ಲಿ ಬೀಗರ ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಊಟವಾಯಿತು. ನಾನು ಬೀಗರಿಗೆ “ಗುಡ್ ಮಾರ್ನಿಂಗ್, ಎಲಿ ಅಡಿಕಿ ತಗೋರಿ” ಅಂದೆ. ಆಗ ಹೊತ್ತು ಇಳಿದಿತ್ತು. ಗೆಳೆಯ ಮತ್ತೆ ನಕ್ಕ. ಶಿವಲಿಂಗಪ್ಪ ಮತ್ತೆ ಅಂದ: “ನೋ ಚ್ಯಾಫ್, ಪ್ಲೀಜ್!”

ಈಗ ಸಂಶಯ ಎರಡುಪಟ್ಟಾಯಿತು. ರೊಟ್ಟಿ ತಿಂದಾದ ಮೇಲೂ ಹೊಟ್ಟೇ! ನಿಶ್ಚಯಕ್ಕೆ ಬಂದಿದ್ದ ಮಲ್ಲಪ್ಪಕಾಕಾನನ್ನು ಹಿತ್ತಲಿಗೆ ಕರೆದು ಕೇಳಿದೆ.

“ನೋ ಅಂದ್ರ ಏನೋ?” ಎಂದ ಕಾಕಾ.

“ಇಲ್ಲ ಅಂತ.”

“ಮತ್ತ ತಿಳೀತಲ್ಲ! ಮನಿಯಾಗ ಎಮ್ಮಿಗಿ ಹಾಕಾಕ ಹೊಟ್ಟು ಇಲ್ಲ ಅನ್ನಾಕತ್ಯಾರ. ಸೊಲ್ಲಾಪುರದಾಗ ಎಮ್ಮಿ ಸಾಕೂದು ಅಂದ್ರ ಸುಮ್ನ ಆತೇನು? ಬಾಯಿಬಿಟ್ಟು ಕೇಳಾಕ ನಾಚಿಕಿ. ಅದಕ್ಕ ಇಂಗ್ಲಿಷಿನಾಗ ಕೇಳ್ಯಾರ!”

ಎಷ್ಟು ಸೂಕ್ಷ್ಮ ಜನ! ಹೆಣ್ಣು ಕೊಡುವವರು ಹೊಟ್ಟಿಗೆ ಹಿಂದೆಮುಂದೆ ನೋಡುವುದೇ? ಜೋಳದ ಹೊಟ್ಟನ್ನು ಎರಡು ಚೀಲಗಳಲ್ಲಿ ತುಂಬಿ, ಅರಿಷಿಣ ಕುಂಕುಮ ಹಚ್ಚಿ ಅವರ ಬಂಡಿಯಲ್ಲಿ ಇಡಿಸಿದೆ.

ಹೊರಡುವಾಗ ಬೀಗರು ಚೀಲದೊಳಗೆ ಕೈಹಾಕಿದರು. ಮುಖ ಕೆಂಪಾಯಿತು.

“ಏನ್ರಿ ಇದು? ನಮಗ ಹೊಟ್ಟು ಕಟ್ಟಿ ಕಳಸ್ತೀರೇನ್ರಿ? ನಾವೇನ ದನಾ ಏನ್ರಿ? ಬಂಡಿ ಹೂಡೋ! ಈ ಸೋಯರಿಕಿ ಬ್ಯಾಡ!”

ನಾನು ಬಂಡಿಗೆ ಅಡ್ಡ ನಿಂತೆ. ಬಾಗಿಲ ಮರೆಯಲ್ಲಿ ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

“ನಿಮ್ಮ ಮಗಾನ ಕೇಳಿದ್ರಲ್ರಿ! ನೋ ಚ್ಯಾಫ್ ಅಂತ ಎರಡು ಸಲ ಅಂದ್ರು!” ಎಂದೆ ನಾನು.

ಶಿವಲಿಂಗಪ್ಪ ನೊಗ ಹಿಡಿದುಕೊಂಡು ನಗತೊಡಗಿದ. “ಅಪ್ಪಾ, ಆ ಶಬ್ದಕ್ಕ ಚ್ಯಾಷ್ಟಿ ಮಾಡೂದು ಅಂತನೂ ಅರ್ಥ ಅದ. ಇವ ಅವರ ಪಟಗಾ ನೋಡಿ ನಗಾಕತ್ತಿದ್ದ. ಚ್ಯಾಷ್ಟಿ ಮಾಡಬ್ಯಾಡ ಅಂತ ನಾ ಅಂದೆ.”

“ಹೊಟ್ಟಿಗೂ ಚ್ಯಾಷ್ಟಿಗೂ ಏನ ಸಂಬಂಧ?” ಬೀಗರ ಸಂಶಯ ಇನ್ನೂ ಹೋಗಿರಲಿಲ್ಲ.

“ಕಾಳಿಲ್ಲದ ಮಾತು, ಅದಕ್ಕ ಹೊಟ್ಟು” ಎಂದ ಗೆಳೆಯ.

“ಅಲ್ಲ, ತಿಕ್ಕೂದು ಅನ್ನೂ ಬ್ಯಾರೆ ಶಬ್ದದಿಂದ ಬಂದದ. ತಿಕ್ಕಿ ತಿಕ್ಕಿ ಉರಿಸೂದು” ಎಂದ ಶಿವಲಿಂಗಪ್ಪ.

ಶಬ್ದದ ಮೂಲಕ್ಕಾಗಿ ಇಬ್ಬರಿಗೂ ಜಗಳವೇ ಹತ್ತಿತು. ಒಳಗಿನಿಂದ ಗಂಗವ್ವ ಕಿಸಕ್ಕನೆ ನಕ್ಕಳು. ಶಿವಲಿಂಗಪ್ಪ ವಾದ ಮರೆತು ಬಾಗಿಲ ಕಡೆಯೇ ನೋಡುತ್ತ ನಿಂತ. ಅದನ್ನು ಕಂಡು ಬೀಗರೂ ನಕ್ಕರು. “ಆ ಶಬ್ದ ಎಲ್ಲಿಂದರೆ ಬರವಲ್ದ್ಯಾಕ, ಮೊದಲ ಚೀಲಾ ಇಳಸ್ರಿ!”

ಸೋಯರಿಕೆ ಉಳಿಯಿತು. ನಾನು ಪಟಗಾ ಸರಿಮಾಡಿಕೊಂಡೆ. ಬಂಡಿ ಹತ್ತುವ ಮೊದಲು ಬೀಗರು ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು:

“ನೀವು ಇಂಗ್ಲಿಷ್ ಎಲ್ಲಿ ಕಲತ್ರಿ?”

“ಅಕ್ಕಲಕೋಟದಾಗ್ರಿ” ಎಂದೆ, ಎದೆಯುಬ್ಬಿಸಿ.

“ಛಲೋ ಆತು ಕೇಳಿದ್ದು. ನಮ್ಮ ಸಣ್ಣ ಮಗನ್ನ ಅಲ್ಲೇ ಸಾಲಿಗಿ ಹಾಕಾವರಿದ್ವಿ.”

ಹಾಕಲಿಲ್ಲ!