ಬಾರಾಮತಿಯ ಕಬ್ಬಿನಲ್ಲಿ ನಾನು ಕಂಡುಹಿಡಿದದ್ದು

ಜೀವಶಾಸ್ತ್ರ ಅಂದರೆ ನಾಲ್ಕೇ ಅಕ್ಷರ ಎಂದು ನಾನು ಬಲವಾಗಿ ನಂಬಿದ್ದೆ. ಎ, ಟಿ, ಜಿ, ಸಿ. ಡಿಎನ್‌ಎ ಎಷ್ಟೇ ಉದ್ದವಿರಲಿ, ಬರೆದಿರುವುದು ಈ ನಾಲ್ಕರಲ್ಲೇ. ಕನ್ನಡದ ಒತ್ತಕ್ಷರಗಳನ್ನೆಲ್ಲ ಧಾರವಾಡದ ಶಾಲೆಯಲ್ಲಿ ತಿದ್ದಿ ಬಂದವನಿಗೆ, ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕೂತವನಿಗೆ, ನಾಲ್ಕು ಅಕ್ಷರ ಯಾವ ಲೆಕ್ಕ? ಆದ್ದರಿಂದ ಪುಣೆಯ ನಮ್ಮ ಸಂಸ್ಥೆಯಲ್ಲಿ ಕಬ್ಬಿನ ರೋಗದ ಸಂಶೋಧನೆಗೆ ಒಬ್ಬ ಪ್ರೋಗ್ರಾಮರ್ ಬೇಕು ಅಂದಾಗ ಮೊದಲು ಕೈ ಎತ್ತಿದವನು ನಾನೇ.

ಸಂಶೋಧನೆ ಮೇಧಾ ಮೇಡಂ ಅವರದು. ಬೆಳಗಾವಿಯವರು. ಮನೆಮಾತು ಮರಾಠಿ, ನನ್ನ ಜೊತೆ ಕನ್ನಡ. ಬಾರಾಮತಿ ಕಡೆಯ ಕೆಲವು ಹೊಲಗಳಲ್ಲಿ ಕಬ್ಬಿನ ಎಲೆ ಹಳದಿಯಾಗಿ ಒಣಗುತ್ತಿತ್ತು. ಕಾರಣ ಯಾರಿಗೂ ತಿಳಿದಿರಲಿಲ್ಲ. ಎಲೆಯ ಚೂರುಗಳನ್ನು ತಂದು, ಅದರೊಳಗಿನ ಡಿಎನ್‌ಎ ಓದಿಸಿ, ಕಬ್ಬಿನದಲ್ಲದ್ದು ಏನಾದರೂ ಸೇರಿಕೊಂಡಿದೆಯೇ ಎಂದು ಹುಡುಕಬೇಕು. ಆ ಹುಡುಕಾಟ ನನ್ನ ಪಾಲಿನದು.

"ನೀವು ಇಲ್ಲೇ ಕೂಡ್ರಿ. ಫೈಲ್ ಬಂದ ಮ್ಯಾಲೆ ಕೊಡ್ತೀನಿ," ಅಂದರು ಮೇಡಂ.

"ಹಂಗಲ್ರಿ. ಡೇಟಾ ಎಲ್ಲಿ ಹುಟ್ಟತದ ಅಂತ ಕಣ್ಣಾರೆ ನೋಡಬೇಕ್ರಿ," ಅಂದೆ. ಆ ದಿನವೇ ನನ್ನನ್ನು ಯಾರಾದರೂ ಕುರ್ಚಿಗೆ ಕಟ್ಟಿಹಾಕಬೇಕಿತ್ತು.

ಬಾರಾಮತಿಗೆ ಹೋದೆವು. ಮೇಡಂ ಕೈಗವಸು ಹಾಕಿಕೊಂಡು ರೋಗದ ಎಲೆ, ಹೋಲಿಕೆಗೆ ಆರೋಗ್ಯದ ಎಲೆ ಕತ್ತರಿಸಿದರು, ನಾನು ನೆರಳಲ್ಲಿ ನಿಂತು ಮೆಚ್ಚಿದೆ. ಸಂಜೆಯ ಹೊತ್ತಿಗೆ ಅವರು ಪಕ್ಕದ ಊರಿಗೆ ಹೋಗಬೇಕಾಯಿತು. ಎಲೆ ತುಂಬಿದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಪುಣೆಯ ಬಸ್ಸು ಹತ್ತಿಸಿ, "ಸ್ವಾರಗೇಟಕ್ಕ ಇಳದು ಸೀದಾ ಲ್ಯಾಬಿಗೆ ಮುಟ್ಟಸ್ರಿ. ಮತ್ತೇನೂ ಮಾಡಬ್ಯಾಡ್ರಿ," ಅಂದರು.

ಬಸ್ಸಿನಲ್ಲಿ, ನನ್ನ ಹೆಂಡತಿ ಸುಮಾ ಕಟ್ಟಿಕೊಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಕೈ ಕರವಸ್ತ್ರಕ್ಕೆ ಒರೆಸಿಕೊಂಡೆ. ಹೊತ್ತು ಹೋಗಲೆಂದು ಡಬ್ಬಿ ತೆರೆದು ನೋಡಿದೆ. ಬೆರಳುದ್ದದ ನಲವತ್ತು ಪ್ಲಾಸ್ಟಿಕ್ ಕೊಳವೆಗಳು. ಮೇಲೆ ಮೇಡಂ ಕೈಬರಹದಲ್ಲಿ ಮರಾಠಿ: 'ಬಾವಿ ಹತ್ತಿರ, ಎಡಕ್ಕೆ.' 'ನಾಯಿ ಇರುವ ಮನೆಯ ಹಿಂದೆ.'

ಬಡಪಾಯಿ ಕಂಪ್ಯೂಟರ್ ಆ ನಾಯಿಯನ್ನು ಎಲ್ಲಿ ಹುಡುಕೀತು? ನೋಟುಬುಕ್ಕಿನ ಹಾಳೆ ಹರಿದು, ಒಂದರಿಂದ ನಲವತ್ತರವರೆಗೆ ಚೀಟಿ ಮಾಡಿದೆ. ಅಂಟಿಸಲು ಗೋಂದಿರಲಿಲ್ಲ. ಹೊರಗಿಟ್ಟರೆ ಬಿದ್ದುಹೋದಾವು ಎಂಬ ದೂರದೃಷ್ಟಿಯಿಂದ ಒಂದೊಂದೇ ಕೊಳವೆಯ ಮುಚ್ಚಳ ತೆಗೆದು, ಎಲೆಯ ಪಕ್ಕಕ್ಕೆ ಚೀಟಿ ತುರುಕಿ, ಬೆರಳಿನಿಂದ ಒತ್ತಿ ಕೂರಿಸಿದೆ. ಸ್ವಾರಗೇಟ ಬರುವಷ್ಟರಲ್ಲಿ ನಲವತ್ತೂ ಮುಗಿದಿದ್ದವು. ಚೀಟಿಗಳನ್ನು ಮೇಡಂ ಅವರೇ ಇಟ್ಟಿದ್ದಾರೆಂದು ಲ್ಯಾಬಿನವರು ತಿಳಿದುಕೊಂಡರು. ಯಾರೂ ಯಾರನ್ನೂ ಕೇಳಲಿಲ್ಲ. ಇದಕ್ಕೇ ನಮ್ಮಲ್ಲಿ ಎರಡು ವಿಭಾಗಗಳ ಸಹಯೋಗ ಅನ್ನುತ್ತಾರೆ.

ನಾಲ್ಕು ತಿಂಗಳಿಗೆ ಫೈಲುಗಳು ಬಂದವು. ಕಬ್ಬಿನ ಅಕ್ಷರಗಳನ್ನು ಬದಿಗೆ ಸರಿಸಿ, ಉಳಿದದ್ದು ಯಾವುದರದೆಂದು ನೋಡಿದೆ. ನೋಡಿ ದಂಗಾದೆ. ಶೇಂಗಾ! ರೋಗದ ಎಲೆಯಲ್ಲೂ ಶೇಂಗಾ, ಆರೋಗ್ಯದ ಎಲೆಯಲ್ಲೂ ಶೇಂಗಾ. ಮೂರು ಸಲ ಲೆಕ್ಕ ಮಾಡಿದರೂ ಶೇಂಗಾವೇ. ಕಬ್ಬಿನ ಸಾಲುಗಳ ನಡುವೆ ಶೇಂಗಾ ಬೆಳೆಯುವುದುಂಟು ಎಂದು ಎಲ್ಲೋ ಓದಿದ್ದೆ. ಅಂದರೆ ನೆರೆಹೊರೆಯ ಬೆಳೆ ಬೇರಿನ ಮೂಲಕ ಕಬ್ಬಿನೊಳಗೆ ನುಗ್ಗುತ್ತಿದೆ! ಮೇಡಂಗೆ ಹೇಳಿದರೆ ಕೀರ್ತಿಯಲ್ಲಿ ಪಾಲು ಹೋದೀತೆಂದು ಸೀದಾ ನಿರ್ದೇಶಕರಿಗೆ ತಿಳಿಸಿ, ಶುಕ್ರವಾರದ ಸಭೆಯಲ್ಲಿ ಎಲ್ಲರೆದುರು ಗಂಭೀರವಾಗಿ ಮಂಡಿಸಿದೆ.

ಸಭೆ ಬೆರಗಾಗಿ ಕೂತಿತ್ತು. ಮೇಡಂ ಮಾತ್ರ ಕೇಳಿದರು, "ಶೇಂಗಾ ಬಿಟ್ಟು ಬ್ಯಾರೆ ಏನರ ಸಿಕ್ಕಿತ್ತೇನ್ರಿ?"

"ಚಿಲ್ಲರೆ ಕಸ ರೀ. ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗಿ. ತಗದು ಒಗದೆ."

"ಮನಷ್ಯಾರ ಡಿಎನ್‌ಎ?"

"ಭಾಳ ಇತ್ತು. ರೈತರದಿರಬೇಕಂತ ಬಿಟ್ಟೆ."

ಮೇಡಂ ಬೆರಳು ಮಡಚಿ ಒಂದೊಂದೇ ಎಣಿಸಿದರು. "ಇದು ರೋಗ ಅಲ್ರಿ. ಇದು ಶೇಂಗಾ ಚಟ್ನಿ."

ನಾನು ತಕ್ಷಣ ವಾದಕ್ಕಿಳಿದೆ. "ಅದ್ಹೆಂಗಾಗ್ತದ್ರಿ? ಸುಮಾ ಶೇಂಗಾ ಹುರದು ಮಾಡ್ಯಾಳ!"

ನನ್ನ ಮಾತು ನನ್ನ ಕಿವಿಗೆ ಬಿದ್ದದ್ದು ಎಲ್ಲರ ಕಿವಿಗೂ ಬಿದ್ದ ಮೇಲೆ. ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಡಂ ಮೆಲ್ಲಗೆ, "ಹುರದ್ರೂ ಉಳೀತದ್ರಿ," ಅಂದರು. ಆಮೇಲೆ ಬಸ್ಸು, ಚೀಟಿ, ಬೆರಳು, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಯಿತು.

ಆ ಹೊಲಗಳ ಕಬ್ಬು ಆಗಲೇ ಕಾರ್ಖಾನೆಯಲ್ಲಿ ಸಕ್ಕರೆಯಾಗಿತ್ತು. ಮತ್ತೆ ಎಲೆ ತರೋಣವೆಂದರೆ ಗಿಡವೇ ಇಲ್ಲ. ಮೇಡಂ ಅವರ ಎರಡು ವರ್ಷದ ಕೆಲಸ, ಅಲ್ಲಿ ಕಾಯುತ್ತಿರುವ ರೈತರು, ಇಲ್ಲಿ ನನ್ನ ಬೆರಳು. ಕೊನೆಗೆ ಮೇಡಂ ಹೇಳಿದರು: "ಪ್ರತಿ ಎಲಿದೂ ಅರ್ಧ ನಾ ಬ್ಯಾರೆ ಕಟ್ಟಿ ತಂದು ಫ್ರೀಜರಿನ್ಯಾಗ ಇಟ್ಟೀನಿ. ಎಲ್ಲಾ ಒಬ್ಬರ ಕೈಯಾಗ ಕೊಡೂದಿಲ್ಲ ನಾವು."

ನಾನು ಕೂತಲ್ಲೇ ಕೈ ಮುಗಿದೆ.

ಮನೆಗೆ ಬಂದು ಹೇಳಿದಾಗ ಸುಮಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ನಲವತ್ತಕ್ಕೂ ಹಚ್ಚೀರೇನ್ರಿ? ಬಾಟ್ಲಿ ತುಂಬ ನೀರು ಕೊಟ್ಟಿದ್ನಲ್ಲ, ಕೈ ತೊಳಕೊಳ್ಳಲಿಕ್ಕೆ ಏನಾಗಿತ್ತು?" ಈ ಪ್ರಶ್ನೆಯನ್ನು ನಿರ್ದೇಶಕರೂ ಲಿಖಿತವಾಗಿ ಕೇಳಿದ್ದರು.

ಉಳಿಸಿಟ್ಟ ಅರ್ಧ ಎಲೆಗಳಲ್ಲಿ ನಿಜವಾದ ಕಾರಣ ಸಿಕ್ಕಿತು, ಒಂದು ವೈರಸ್. ಈಗ ಲ್ಯಾಬಿಗೆ ಸೇರುವ ಪ್ರತಿಯೊಬ್ಬರಿಗೂ ಮೇಡಂ ಮೊದಲ ದಿನವೇ ಈ ಪ್ರಸಂಗ ಹೇಳುತ್ತಾರೆ. ದೊಡ್ಡ ಮನಸ್ಸಿನವರು, ಹೆಸರು ಹೇಳುವುದಿಲ್ಲ. ಹೋದ ವಾರ ಹೊಸದಾಗಿ ಬಂದ ಇಂಜಿನಿಯರಮ್ಮ ನಗು ತಡೆಯಲಾರದೆ ನನ್ನ ಮೇಜಿನ ಬಳಿ ಬಂದು, "ಸರ್, ಅವರು ಈಗ ಎಲ್ಲಿದ್ದಾರೆ?" ಅಂದಳು.

"ಕೆಲಸ ಬಿಟ್ಟು ಹೋದ್ರಮ್ಮಾ," ಅಂದೆ. "ಪಾಪ, ಭಾಳ ಶಾಣ್ಯಾ ಇದ್ರು."