ಪ್ರೊಫೆಸರರ ಬಲೂನುಗಳು

ಮೆಣಸಿನಕಾಯಿಯ ತೊಟ್ಟು ಬಿಡಿಸುವಾಗ ಫೋನು ಎತ್ತಲೇಬಾರದು. ಕಣ್ಣೊರೆಸಿಕೊಳ್ಳುವಂಥ ಸುದ್ದಿ ಬರುತ್ತದೆ, ಕೈಯಲ್ಲಿ ಖಾರವಿರುತ್ತದೆ. ಅಂದು ನಾನು ಮೊರದ ತುಂಬ ಕಾಯಿ ಹರಡಿಕೊಂಡು ಕೂತಿದ್ದಾಗ ಮಾನ್ವಿಯಿಂದ ತಂಗಿ ಸುಮಂಗಲಾ ಫೋನು ಮಾಡಿದಳು.

“ಅಕ್ಕಾ, ನಿನ್ನಿ ಮಾವಾರು ಇಲ್ಲಿ ಬಸ್ ಸ್ಟ್ಯಾಂಡ್ ಅಂಗಡ್ಯಾಗ ಬಲೂನ್ ತಗೊಳ್ಳಾಕತ್ತಿದ್ರು. ಒಂದೊಂದೂ ಜಗ್ಗಿ ನೋಡಿ, ಊದಿ ನೋಡಿ ಆರಿಸಿದ್ರು. ನಾ ರಸ್ತಾ ದಾಟೂದ್ರಾಗ ರಾಯಚೂರ ಬಸ್ ಹತ್ತಿಬಿಟ್ರು. ಮನ್ಯಾಗ ಯಾರದರ ಹುಟ್ಟಿದ ಹಬ್ಬ ಅದ ಏನು?”

ನಮ್ಮ ಮನೆಯಲ್ಲಿ ಬಲೂನಿನ ವಯಸ್ಸಿನವರು ಯಾರೂ ಇಲ್ಲ. ಇರುವೊಬ್ಬ ಮಗಳು ಪೋತ್ನಾಳದಲ್ಲಿ ಶಾಲೆಯ ಟೀಚರು, ಇನ್ನೂ ಮದುವೆಯಾಗಿಲ್ಲ. ನಮ್ಮ ಯಜಮಾನರು, ಅಂದರೆ ಅವಳ ಮಾವ, ಇಲ್ಲಿ ರಾಯಚೂರಿನಲ್ಲಿ ರಸಾಯನಶಾಸ್ತ್ರದ ಪ್ರೊಫೆಸರು. ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಮಾನ್ವಿಗೆ ಹೋಗಿದ್ದು ನಿಜ. ಪರೀಕ್ಷೆಗೆ ಬಲೂನು ಯಾಕೆ?

ಅವರ ಕೆಲಸದ ಮೇಲೆ ನನಗೆ ಮೊದಲಿಂದಲೂ ಅನುಮಾನವೇ. ಅವರು ದೇವದುರ್ಗದ ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದಾಗ, ನಮ್ಮ ಮದುವೆಯ ಹೊಸದರಲ್ಲಿ, ಏನು ಸಂಶೋಧನೆ ಮಾಡುತ್ತೀರಿ ಎಂದು ಕೇಳಿದ್ದೆ. ಸಾವಯವ ವಸ್ತುವಿಗೆ ಲೋಹ ಸೇರಿಸಿ ವೇಗವರ್ಧಕ ತಯಾರಿಸುತ್ತೇನೆ ಎಂದರು. ಅದರ ಕಸುಬೇನೆಂದರೆ, ತಾವಾಗಿ ಕೂಡದ ಎರಡನ್ನು ಕೂಡಿಸುವುದು, ಆಮೇಲೆ ತಾನು ಇದ್ದ ಹಾಗೇ ಹೊರಗೆ ಬರುವುದು. ನಮ್ಮಿಬ್ಬರ ಸಂಬಂಧ ಕೂಡಿಸಿದ ಸೋದರತ್ತೆ ಹೊರಗೆ ಬಂದದ್ದನ್ನು ನಾನಿನ್ನೂ ಕಂಡಿಲ್ಲ. ಈಗಲೂ ಆಗಾಗ ಬಂದು ನಮ್ಮ ಸಂಸಾರದಲ್ಲಿ ಕೈಯಾಡಿಸಿ ಹೋಗುತ್ತಾರೆ. ಹಾಗಾಗಿ ಅಂಥದೊಂದು ವಸ್ತು ಜಗತ್ತಿನಲ್ಲಿದೆ ಎಂದು ನಾನು ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ.

ಈಚೆಗಂತೂ ಫೋನಿನಲ್ಲಿ ದನಿ ತಗ್ಗಿಸಿ, “ಬೆಚ್ಚಗ ಇಡು, ಕೈ ಬಿಡಬ್ಯಾಡ, ನಾ ಬಂದು ನೋಡ್ತೀನಿ” ಎನ್ನುತ್ತಿದ್ದರು. ಬೆಚ್ಚಗೆ ಇಡುವಂಥದ್ದು, ಜೊತೆಗೆ ಬಲೂನು. ನೀವೇ ಕೂಡಿಸಿ ನೋಡಿ, ಕೂಸಲ್ಲದೆ ಇನ್ನೇನು ಬರುತ್ತದೆ?

ದೇವರ ಮುಂದೆ ದೀಪ ಹಚ್ಚಿ, “ಯಪ್ಪಾ ಹನುಮಪ್ಪಾ, ನನ್ನ ಅನುಮಾನ ಸುಳ್ಳು ಮಾಡು, ಕಾಯಿ ಒಡಸ್ತೀನಿ” ಎಂದೆ. ಪೂರ್ತಿ ಅವನ ಮೇಲೆ ಬಿಡಲು ಧೈರ್ಯ ಸಾಲದೆ, ಊಟದ ಡಬ್ಬಿಯ ನೆಪ ಮಾಡಿಕೊಂಡು ಆಟೋ ಹತ್ತಿದೆ.

ಅವರ ಪ್ರಯೋಗಾಲಯದ ಬಾಗಿಲಲ್ಲೇ ಬಲೂನು ಕಂಡವು. ರಸಾಯನ ತುಂಬಿದ ಗಾಜಿನ ಬುರುಡೆಗಳ ನೆತ್ತಿಯ ಮೇಲೆ ಕೆಂಪು, ಹಳದಿ, ಒಂದು ಗುಲಾಬಿ. ಅವರ ಕೈಕೆಳಗೆ ಪಿಎಚ್‌.ಡಿ. ಮಾಡುವ ಶಬಾನಾ ಓಡಿ ಬಂದಳು.

“ಬರ್ರಿ ಅಮ್ಮಾ. ಯಾಕ್ರೀ, ಅಳಾಕತ್ತೀರೇನು?”

“ಇಲ್ಲವ್ವಾ, ಕಣ್ಣಾಗ ಖಾರ ಬಿದ್ದದ. ಇವು ಯಾರ ಬಲೂನು?”

“ಸರ್ ತಂದಾರ್ರೀ. ಒಳಗ ಹೈಡ್ರೋಜನ್ ಅದ, ಸಾವಕಾಶ ಬುರುಡ್ಯಾಗ ಇಳೀತದ. ಇಲ್ಲಿ ನಮಗ ಸಿಗೋವು ತೆಳ್ಳಗ, ಲಗೂನ ಸೊರಗಿಬಿಡ್ತಾವ. ಮಾನ್ವಿ ಬಲೂನ್ ದಪ್ಪ, ಮುಂಜಾನಿತನ ತಡೀತಾವ್ರೀ.”

ಬುರುಡೆಯೊಂದು ಬಿಸಿ ಎಣ್ಣೆಯಲ್ಲಿ ಸೊಂಟದವರೆಗೆ ಮುಳುಗಿ ಕೂತಿತ್ತು, ಬಾಣಂತಿ ಮನೆಯ ಕೂಸಿನ ಹಾಗೆ. ಬೆಚ್ಚಗೆ ಇಡು ಎಂದದ್ದು ಇದಕ್ಕೇ! ಎದೆಯ ಮೇಲಿನ ಬೀಸುಗಲ್ಲು ಇಳಿಯಿತು.

ಅಷ್ಟರಲ್ಲಿ ಯಜಮಾನರು ಬಂದರು. “ನೀ ಯಾಕ ಬಂದಿ?”

“ಡಬ್ಬಿ ತಂದೀನ್ರೀ.”

ಅವರ ಮುಖ ಅರಳಿತು. ಪಕ್ಕದ ತಮ್ಮ ಕೋಣೆಗೆ ಒಯ್ದು ಮೇಜಿನ ಮೇಲಿಟ್ಟರು. “ಏನ್ ತಂದೀರಿ ಅಮ್ಮಾ, ನಮಗೂ ಅದ ಏನ್ರೀ?” ಎಂದು ಶಬಾನಾಳ ಹಿಂದೆ ಉಳಿದ ವಿದ್ಯಾರ್ಥಿಗಳೂ ಬಾಗಿಲಿಗೆ ಬಂದು ನಿಂತರು. ಯಜಮಾನರು ಮುಚ್ಚಳ ತೆಗೆದರು. ಡಬ್ಬಿ ಖಾಲಿ. ಅನುಮಾನದ ಅವಸರದಲ್ಲಿ ಅದನ್ನು ತುಂಬುವುದೇ ನನಗೆ ಮರೆತಿತ್ತು.

ಅವರು ಡಬ್ಬಿ ನೋಡಿದರು, ನನ್ನ ಕೆಂಪು ಕಣ್ಣು ನೋಡಿದರು, ಟಪ್ಪನೆ ಮುಚ್ಚಿದರು.

“ಇದು ನನ್ನ ಪಥ್ಯದ ಅಡಗಿ. ನಿಮಗ ಸೇರಂಗಿಲ್ಲ, ನಡೀರಿ ನಡೀರಿ.”

ಹುಡುಗರು ಹೋದ ಮೇಲೆ, “ಬಸ್ ಕಿಡಕ್ಯಾಗಿಂದ ಸುಮಂಗಲಾ ಕಂಡಿದ್ಲು. ಬಲೂನ್ ಸುದ್ದಿ ಆಕಿ ಹೇಳಿದಳೇನು?” ಎಂದರು.

“ನನಗ ಒಂದು ಮಾತು ಹೇಳಬೇಕಿಲ್ಲೇನ್ರೀ?”

“ಕೇಳಿದ್ರ ಹೇಳ್ತಿದ್ದೆ. ದೇವದುರ್ಗ ಬಿಟ್ಟ ಮ್ಯಾಲ ನೀ ಕೇಳೇ ಇಲ್ಲ.”

ಖಾಲಿ ಡಬ್ಬಿ ಎತ್ತಿಕೊಂಡು ಬಂದೆ. ದಾರಿಯಲ್ಲಿ ಹನುಮಪ್ಪನಿಗೆ ಕಾಯಿ ಒಡೆಸಿದೆ. ಕೂಸಿಲ್ಲ, ಅದೊಂದು ಪುಣ್ಯ. ಅಷ್ಟು ಜನರೆದುರು ಗಂಡ ನನ್ನ ಮಾನ ಕಾದರು, ಅದು ಇನ್ನೂ ದೊಡ್ಡ ಪುಣ್ಯ. ಹೀಗೆ ನೆಮ್ಮದಿಯಿಂದ ಮನೆಯ ಬೀಗ ತೆಗೆಯುವಾಗ ಥಟ್ಟನೆ ಹೊಳೆಯಿತು: ಪಥ್ಯದ ಅಡಿಗೆ! ಕಣ್ಣು ಮಿಟುಕಿಸದೆ, ಅಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ಈ ಮನುಷ್ಯ ಎಲ್ಲಿ ಕಲಿತರು?

ಸಂಜೆ ಹಸಿದು ಬರುತ್ತಾರೆ, ಕೇಳಿದರಾಯಿತು ಎಂದುಕೊಂಡು, ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ದು ರೊಟ್ಟಿ ಬಡಿಯಲು ಕೂತೆ.